ಹಂಚಿನ ಕಾರ್ಖಾನೆಯ ಕಾಲುದಾರಿ

ಕುಂದಾಪುರ ಪೇಟೆಯೊಳಗೆ, ಹೊಳೆಗೆ ಬೆನ್ನು ಹಾಕಿ ನಿಂತಿದ್ದ ಹಳೆಯ ಹಂಚಿನ ಕಾರ್ಖಾನೆಯನ್ನು ಈಗ ಉಳಿಸಿಕೊಳ್ಳಲಾಗಿದೆ. ಉಳಿಸುವುದಕ್ಕಾಗಿ ಮೊದಲು ಅದರ ಮಾಡಿನ ಹಂಚುಗಳನ್ನೆಲ್ಲ ಇಳಿಸಿದರು. ಹಸಿ ಹಂಚು ಒಣಗಿಸುತ್ತಿದ್ದ ಮರದ ಅಟ್ಟಗಳನ್ನು ಕೊಯ್ದು ಕಾಫಿ ಕುಡಿಯುವ ಮೇಜುಗಳನ್ನು ಮಾಡಿದರು. ಗೋಡೆಯ ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದರು. ತೆಗೆದ ಮೇಲೆ ಗೋಡೆ ತೀರಾ ಹೊಸದರಂತೆ ಕಾಣುತ್ತದೆಂದು ಬೇಜಾರಾಗಿ, ಹಳತರಂತೆ ಕಾಣಿಸುವ ಬಣ್ಣ ಬಳಿಸಿದರು. ಊರಿಗೆಲ್ಲ ಹಂಚು ಕೊಟ್ಟ ಕಾರ್ಖಾನೆಯ ಮಾಡಿಗೆ ಕೇರಳದಿಂದ ಲಾರಿಯಲ್ಲಿ ಹಂಚು ಬಂತು. ಹಂಚು ಸುಡುತ್ತಿದ್ದ ಗೂಡುಗಳ ಒಳಗೆ ಈಗ ನಾಲ್ಕು ನಾಲ್ಕು ಜನ ಕುಳಿತು ಕೋಳಿ ಸುಕ್ಕ ತಿನ್ನಬಹುದು. ಒಳಗೆ ಎಸಿ ಇದೆ. ಚಿಮಣಿಯೊಂದು ಇದ್ದ ಹಾಗೆಯೇ ಇದೆ. ಕೆಡವಲು ಬಂದವರಿಗೆ ಅದು ಯಾವ ದಿಕ್ಕಿಗೆ ಬೀಳುತ್ತದೆಂದು ಖಾತ್ರಿಯಾಗಿ ಹೇಳಲಾಗಲಿಲ್ಲ. ಹಾಗಾಗಿ ಅದು ಪರಂಪರೆಯಾಯಿತು.

ಇಷ್ಟೆಲ್ಲವನ್ನು ಉಳಿಸುವ ಗಡಿಬಿಡಿಯಲ್ಲಿ ಉಳಿಯದೆ ಹೋದದ್ದು ನನ್ನ ಚಿಕ್ಕಿ ಮನೆಗೆ ಹೋಗುವ ದಾರಿ.

ಚಿಕ್ಕಿ ಎಂದರೆ ಅಮ್ಮನ ತಂಗಿ. ಕಾರ್ಖಾನೆಯ ಹಿಂಬದಿಗೆ, ಹೊಳೆಯ ದಂಡೆಯಲ್ಲಿ ಐದಾರು ಮನೆಗಳಿವೆ, ಅದರಲ್ಲೊಂದು ಅವಳದು. ಕಾರ್ಖಾನೆ ನಡೆಯುತ್ತಿದ್ದಾಗ ಹಸಿ ಹಂಚಿನ ಅಂಚು ತೆಗೆಯುವ ಕೆಲಸ ಮಾಡುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ಗಂಗೊಳ್ಳಿಯ ದಕ್ಕೆಗೆ ಹೋಗಿ ಮೀನು ತಂದು ಪೇಟೆಯ ಓಣಿಗಳಲ್ಲಿ ಮಾರತೊಡಗಿದಳು. ಈಗಲೂ ಮಾರುತ್ತಾಳೆ. ಮನೆಯಿಂದ ಕಾರ್ಖಾನೆಯ ಅಂಗಳ ಹಾದು ದೊಡ್ಡ ರಸ್ತೆಯ ಬಸ್ ನಿಲ್ದಾಣಕ್ಕೆ ಐದು ನಿಮಿಷ. ಅದು ಬಿಟ್ಟರೆ ಹೊಳೆಯ ದಂಡೆ ಹಿಡಿದು, ಉಪ್ಪುನೀರಿನ ಕೆಸರು ಸುತ್ತಿ, ಶಾಲೆಯ ಹಿಂದೆ ಹಾದು ಬರಬೇಕು: ಗಟ್ಟಿ ಕಾಲಿನವರಿಗೆ ಅರ್ಧ ಗಂಟೆ. ಚಿಕ್ಕಿಯ ಎಡಗಾಲಿನ ಮಂಡಿ ಗಟ್ಟಿಯಿಲ್ಲದೆ ಬಹಳ ವರ್ಷವಾಯಿತು. ಅಂಗಳದ ದಾರಿ ಮುಚ್ಚಿದರೆ ಮೀನಿನ ಬುಟ್ಟಿಯೂ ಮುಚ್ಚಿದಂತೆ.

ಈ ಕತೆಯಲ್ಲಿ ನನ್ನ ಪಾಲೂ ಇದೆ. ಅದನ್ನು ಆದಷ್ಟು ಮರೆಮಾಚಿ ಬರೆಯುವ ಆಸೆ ಇತ್ತು, ಆಗಲಿಲ್ಲ.

ಕಾರ್ಖಾನೆಯನ್ನು ಕೊಂಡವರು ಮುಂಬೈಯಲ್ಲಿ ಹೋಟೆಲುಗಳಿರುವ ಕುಟುಂಬದವರು. ಮೂಲ ಇಲ್ಲಿಯವರೇ. ಸಾಹುಕಾರರು ಎಂದು ಕರೆಯುತ್ತೇನೆ, ಊರೂ ಹಾಗೆಯೇ ಕರೆಯುತ್ತದೆ. ಕೆಟ್ಟ ಮನುಷ್ಯರಲ್ಲ. ಹಾಗೆ ನೋಡಿದರೆ ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಅವರಿಗೆ ಊರಿನ ಮೇಲೆ ಪ್ರೀತಿ ಇತ್ತು. ಆ ಪ್ರೀತಿಗೆ ಊರಿನವರು ಅಡ್ಡ ಬರುತ್ತಿದ್ದರು, ಅಷ್ಟೇ. ಅವರ ಆಜ್ಞೆಯಂತೆ ಕಾರ್ಖಾನೆ ಅರ್ಧ ಕಾಫಿ ಹೋಟೆಲು, ಅರ್ಧ ಮದುವೆ ಹಾಲು, ನಡುವೆ ಒಂದಿಷ್ಟು ಮ್ಯೂಸಿಯಮ್ಮು ಆಗಬೇಕಿತ್ತು. ಮಾಡಿನ ತೊಲೆ ಜೋಡಿಸಲು ಹಂಗಾರಕಟ್ಟೆಯಿಂದ ದೋಣಿ ಕಟ್ಟುವ ಆಚಾರಿಯನ್ನು ಕರೆಸಿದ್ದರು. ಅವರು ದೋಣಿಯ ಪಕ್ಕೆಲುಬು ಕೂಡಿಸುವ ಹಾಗೆಯೇ ತೊಲೆ ಕೂಡಿಸಿ, ಕೆಳಗಿಳಿದು, ತಲೆ ಎತ್ತಿ ನೋಡಿ ಹೇಳಿದರಂತೆ:

"ದೋಣಿ ಕವುಚಿ ಹಾಕ್ದಂಗ್ ಇತ್ತ್. ಮಳಿ ಬಂದ್ರೆ ಸೋರುದಿಲ್ಲ. ನೆರೆ ಬಂದ್ರೆ ಮಾತ್ರ ತಿರ್ಗಿಸಿ ಇಡಿ, ಕೂಕಂಡ್ ಹೋಪುಕಾತ್ತ್."

ಇಡೀ ಕಟ್ಟಡದ ಬಗ್ಗೆ ಇದುವರೆಗೆ ಬಂದ ವಿಮರ್ಶೆಯಲ್ಲಿ ಇದೇ ಒಳ್ಳೆಯದು.

ಇನ್ನು ಮ್ಯೂಸಿಯಮ್ಮು. ಅದಕ್ಕೆ ನೆನಪುಗಳು ಬೇಕಾಗಿದ್ದವು. ಆರ್ಕಿಟೆಕ್ಟ್ ಯುವತಿಯೊಬ್ಬಳು ನನಗೆ ಫೋನು ಮಾಡಿದಳು. ಬಾಗಿಲಲ್ಲೇ ಒಂದು ಕರಿಕಲ್ಲು ನಿಲ್ಲಿಸುತ್ತೇವೆ, ಅದರ ಮೇಲೆ ಕಾರ್ಮಿಕರ ನೆನಪನ್ನು ಕೆತ್ತಿಸುತ್ತೇವೆ, ನೀವು ಬರೆದುಕೊಡಬೇಕು, ಹತ್ತು ಸಾಲು ಸಾಕು ಎಂದಳು. ನನ್ನನ್ನು ಯಾಕೆ ಹುಡುಕಿದಳೋ. ನಾನು ಬರೆದ ಕತೆಗಳನ್ನು ಓದಿದವರು ಕಡಿಮೆ, ಓದಿ ಮುಗಿಸಿದವರು ಇನ್ನೂ ಕಡಿಮೆ. ಆ ಕತೆಗಳಲ್ಲಿ ನಾನು ಪದೇ ಪದೇ ಹೇಳಿದ್ದು ಒಂದೇ: ನೆನಪು ಎನ್ನುವುದು ನಂಬಬಾರದ ಪ್ರಾಣಿ, ಆಗಾಗ ಬಂದು ತಿಂದು ಹೋಗುತ್ತದೆ, ಮನೆ ಕಾಯುವುದಿಲ್ಲ. ಅಜ್ಜಿಯ ಸೀರೆಯ ವಾಸನೆ, ಸಂಜೆಯ ಬೆಳಕು, ಊರಿನ ಕಾಲುದಾರಿ ಎಂದು ಬರೆಯುವವರನ್ನು ನಾನು ಅಚ್ಚಿನಲ್ಲೇ ಗೇಲಿ ಮಾಡಿದ್ದೇನೆ. ಆದರೂ ಆಗಲಿ ಎಂದೆ. ಕಲ್ಲಿನ ಮೇಲೆ ಬರೆಯಿರಿ ಎಂದು ಯಾರಾದರೂ ಕೇಳಿದರೆ ತತ್ವ ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತದೆ.

ಮೊದಲು ಕಳಿಸಿದ್ದು ಪ್ರಾಮಾಣಿಕವಾಗಿತ್ತು. ಈಗಲೂ ಫೋನಿನಲ್ಲಿದೆ:

"ಕಾರ್ಖಾನೆಯ ಒಳಗೆ ನಾನು ಎರಡು ಸಲ ಹೋಗಿದ್ದೇನೆ. ಒಂದು ಸಲ ತುಂಬಾ ಬಿಸಿಯಾಗಿತ್ತು. ಇನ್ನೊಂದು ಸಲದ್ದು ನಾನು ಕಂಡದ್ದೋ ಅಮ್ಮ ಹೇಳಿದ್ದೋ ತಿಳಿಯದು. ಯಾರೋ ನನ್ನನ್ನು ಬೈದರು. ಬೈದವರು ನನ್ನ ಚಿಕ್ಕಿ ಇರಬಹುದು."

ಯುವತಿ ಫೋನು ಮಾಡಿದಳು. "ಸರ್, ತುಂಬಾ ಚೆನ್ನಾಗಿದೆ. ಆದ್ರೆ ಓದಿದವ್ರಿಗೆ ಏನೂ ಅನ್ಸಲ್ಲ. ಸ್ವಲ್ಪ ಬೆಚ್ಚಗೆ ಬರೀತೀರಾ?"

ಬಿಸಿಯಾಗಿತ್ತು ಎಂದು ಬರೆದಿದ್ದೆನಲ್ಲ ಎಂದೆ. ಅವಳು ನಗಲಿಲ್ಲ.

ಬೆಚ್ಚಗಿನದ್ದನ್ನು ನಾನು ಬರೆದದ್ದು ಬಸ್ಸಿನಲ್ಲಿ. ಬ್ರಹ್ಮಾವರದಲ್ಲಿ ಹತ್ತಿ, ಕೋಟ ದಾಟುವಷ್ಟರಲ್ಲಿ ಮುಗಿದಿತ್ತು. ಸುಳ್ಳು ಬರೆಯುವಾಗ ನನಗೆ ಪದ ಹುಡುಕುವ ಕಷ್ಟವೇ ಇಲ್ಲ. ಸಂಜೆಯ ಸೈರನ್ನಿನ ಕೂಗಾದಾಗ ಕೆಂಪು ಮಣ್ಣಿನ ಕಾಲುಗಳ ಹೆಂಗಸರು ಹೊರಗೆ ಬರುತ್ತಿದ್ದರು ಎಂದು ಬರೆದೆ. ಸುಡುವ ಗೂಡಿನ ಪಕ್ಕದಿಂದ, ಅಂಗಳದ ನಡುವಿನ ಕಾಲುದಾರಿ ಹಿಡಿದು, ಹೊಳೆಬದಿಯ ತಮ್ಮ ಮನೆಗಳಿಗೆ ನಡೆಯುತ್ತಿದ್ದರು ಎಂದು ಬರೆದೆ. ಕೊನೆಗೆ, "ಈ ದಾರಿಯನ್ನು ಯಾರೂ ಕಟ್ಟಲಿಲ್ಲ, ಅವರ ಹೆಜ್ಜೆಗಳೇ ಮಾಡಿದವು. ಇದು ಅವರದೇ ದಾರಿ." ಇಷ್ಟು ಬರೆದು ಓದಿದಾಗ ಗಂಟಲು ಕಟ್ಟಿದಂತಾಯಿತು. ನನ್ನ ಪಕ್ಕದಲ್ಲಿ ಕೂತಿದ್ದವರು ಕೋಳಿಮರಿಗಳ ಪೆಟ್ಟಿಗೆ ಹಿಡಿದುಕೊಂಡಿದ್ದರು. ಗಂಟಲು ಕಟ್ಟಿದ್ದು ಅದರಿಂದಲೂ ಇರಬಹುದು.

ಆ ಹೆಂಗಸರು ಆ ದಾರಿಯಲ್ಲಿ ನಡೆದದ್ದನ್ನು ನಾನು ಕಂಡಿದ್ದೆನೇ? ಇಲ್ಲ. ಕಾಣಲಿಲ್ಲ ಎಂದು ಖಾತ್ರಿಯಿದೆಯೇ? ಅದೂ ಇಲ್ಲ. ಇಂಥ ಬರಹಕ್ಕೆ ಒಂದು ಕಾಲುದಾರಿ ಬೇಕಾಗುತ್ತದೆ, ಹಾಕಿದೆ.

ಅದನ್ನು ಅವರು ಒಂದಕ್ಷರ ತಿದ್ದದೆ ಕೆತ್ತಿಸಿದರು. ಸಾಹುಕಾರರು ಖುದ್ದಾಗಿ ಫೋನು ಮಾಡಿದರು. "ಹ್ವಾಯ್ ಮೇಷ್ಟ್ರೇ, ಏಕ್‌ದಮ್ ಬೆಸ್ಟ್ ಬರ್ದಿರಿ ಕಾಣಿ. ಓದಿ ನಂಗೆ ಕಣ್ಣಲ್ಲ್ ನೀರ್ ಬಂತ್." ನಾನು ಮೇಷ್ಟ್ರಲ್ಲ. ಆದರೆ ಕಣ್ಣಲ್ಲಿ ನೀರು ಬಂತು ಎಂದವರನ್ನು ಯಾರು ತಿದ್ದುತ್ತಾರೆ.

ಚಿಕ್ಕಿಯನ್ನೂ ಅವರು ಬಿಡಲಿಲ್ಲ. ಹಳೆಯ ಕಾರ್ಮಿಕರಲ್ಲಿ ಉಳಿದವರು ಯಾರೆಂದು ಹುಡುಕಿ, ಅವಳ ಫೋಟೋ ತೆಗೆದು, ಎಂಟು ಅಡಿ ಎತ್ತರಕ್ಕೆ ಹಿಗ್ಗಿಸಿ ಒಳಗಿನ ಗೋಡೆಗೆ ಹಾಕಿದರು. ಫೋಟೋದಲ್ಲಿ ಅವಳ ಕೈಯಲ್ಲೊಂದು ಹಂಚು ಇದೆ. ಅದು ಕೇರಳದ ಹಂಚು. ಅವಳ ಸ್ವಂತ ಮನೆಯ ಮಾಡಿನಲ್ಲಿ ಕಾರ್ಖಾನೆಯ ಹಂಚುಗಳೇ ಇವೆ: ಸುಡುವಾಗ ಸೊಟ್ಟಗಾಗಿ ಮಾರಾಟಕ್ಕೆ ಬಾರದೆ, ಕೆಲಸದವರ ಪಾಲಿಗೆ ಬಂದವು. ಆ ಹಂಚು ಒಂದು ತರಿಸಬಹುದಿತ್ತಲ್ಲ ಎಂದರೆ, ಅದು ಫೋಟೋದಲ್ಲಿ ಸರಿ ಕಾಣುವುದಿಲ್ಲ ಎಂದರಂತೆ.

"ನಂಗೂ ಬಣ್ಣ ಹಚ್ತ್ರಾ ಅಂದ್ಕಂಡಿದ್ದೆ," ಎಂದಳು ಚಿಕ್ಕಿ. "ಗೋಡಿಗ್ ಹಚ್ಚಿರಲೆ, ಹಳಿದ್ ಕಾಂಬುಕೆ. ನನ್ನ್ ಕಂಡ್ ಬೇಡ ಅಂದ್ರ್. ನಾ ಸಾಕಷ್ಟ್ ಹಳತಾಯಿದೆ ಅಂಬ್ರ್."

ಉದ್ಘಾಟನೆಯ ದಿನ ಅವಳನ್ನು ವೇದಿಕೆಗೆ ಕರೆದು ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸಾಹುಕಾರರು ಭಾಷಣ ಮಾಡಿದರು. ಕಲ್ಲಿನ ಮೇಲಿನ ನನ್ನ ಸಾಲುಗಳನ್ನು ಓದಿ ಹೇಳಿ, ಕನ್ನಡಕ ತೆಗೆದು ಒರೆಸಿಕೊಂಡು, ಬರೆದುಕೊಂಡು ಬಂದ ಭಾಷಣದಲ್ಲಿಲ್ಲದ ಒಂದು ಮಾತು ಸೇರಿಸಿದರು: "ನಮ್ ಅಜ್ಜಿಯೂ ಇದೇ ಫ್ಯಾಕ್ಟ್ರಿಯಂಗೆ ಮಣ್ಣ್ ಹೊತ್ತವ್ರ್. ಈ ದಾರಿಯಂಗೇ ನೆಡ್ಕಂಡ್ ಹೋತಿದ್ರ್ ಅಂದ್ಹೇಳಿ ನಾ ಸಣ್ಣವ ಇಪ್ಪತಿಗೆ ನಂಗೆ ಹೇಳ್ತಿದ್ರ್." ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೋಟ ದಾಟುವಷ್ಟರಲ್ಲಿ ನಾನು ಹುಟ್ಟಿಸಿದ ದಾರಿಯಲ್ಲಿ ಆಗಲೇ ಒಬ್ಬರ ಅಜ್ಜಿ ನಡೆಯತೊಡಗಿದ್ದರು.

ಕಾರ್ಯಕ್ರಮ ಮುಗಿದು ಚಿಕ್ಕಿ ಶಾಲು, ಹಣ್ಣಿನ ಬುಟ್ಟಿ ಸಮೇತ ಹಿಂಬದಿಗೆ ಹೋದಳು. ಅಲ್ಲಿ ಹೊಸ ಕಬ್ಬಿಣದ ಗೇಟು. ಬೀಗ. ಅಂಗಳದ ತುಂಬ ಯಾವುದೋ ದೇಶದ ಹುಲ್ಲು ಹಾಸಿ, ಅದರ ಮೇಲೆ ನೀರು ಚಿಮುಕಿಸುವ ಯಂತ್ರ ತಿರುಗುತ್ತಿತ್ತು. ಅಂದು ಮಳೆಯೂ ಹನಿಯುತ್ತಿತ್ತು. ಮ್ಯಾನೇಜರು ಓಡಿ ಬಂದ.

"ಅಮ್ಮ, ಈಚಿಂದ ಹೋಪುಕಿಲ್ಲ. ಇನ್ಮೇಲೆ ಬಂದ್."

"ಬಂದ್ ಅಂದ್ರೆ? ನಾ ಮನಿಗ್ ಹೋಯ್ಕಲೆ?"

"ಮದಿ ಲಾನ್ ಅಮ್ಮ ಇದ್. ಮದ್ಮಕ್ಳ್, ಗೆಸ್ಟ್ ಬತ್ರ್. ಬುಟ್ಟಿ ಹಿಡ್ಕಂಡ್ ನೀವ್ ನೆಡ್ರೆ ಮೀನ್ ವಾಸ್ನಿ ಬತ್ತಲೆ."

"ಇವತ್ ಬುಟ್ಟಿಯಂಗೆ ಸೇಬ್ ಇತ್ತ್, ಕಾಣ್," ಎಂದಳು ಚಿಕ್ಕಿ.

ಪ್ರಯೋಜನವಾಗಲಿಲ್ಲ. ಎಂಟು ಅಡಿಯ ಚಿಕ್ಕಿ ಒಳಗೆ ಗೋಡೆಯ ಮೇಲೆ ನಗುತ್ತಿದ್ದಳು. ಐದಡಿಗಿಂತ ಕಡಿಮೆಯ ಚಿಕ್ಕಿ ಶಾಲು ಹೊದ್ದು ಹೊಳೆಯ ದಂಡೆ ಸುತ್ತಿ ಮನೆಗೆ ಹೋದಳು. ನಾನು ಜೊತೆಗೆ ಹೋದೆನೆಂದು ಬರೆಯಬೇಕೆನಿಸುತ್ತಿದೆ. ಹೋಗಲಿಲ್ಲ. ಸುಡುವ ಗೂಡಿನಲ್ಲಿ ನನಗೊಂದು ಊಟದ ಜಾಗ ಕಾದಿರಿಸಿದ್ದರು.

ನಾಲ್ಕು ದಿನ ಬಿಟ್ಟು ಹೋದಾಗ ಅವಳು ಮಂಡಿಗೆ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದಳು. ಮೂರು ದಿನ ದಂಡೆ ಸುತ್ತಿ ಹೋಗಿ ಬಂದು, ನಾಲ್ಕನೆಯ ದಿನ ಮೀನಿಗೆ ಹೋಗಲಾಗಿರಲಿಲ್ಲ. ಖಾಲಿ ಬುಟ್ಟಿ ಗೋಡೆಗೆ ಒರಗಿತ್ತು.

"ಬಾ ಮಗಾ. ಕೂಕೊ. ಕಲ್ಲಂಗೆ ಬರೂದ್ ಆಯ್ತಾ? ಇನ್ನ್ ಕಾಗ್ದದಂಗೆ ಒಂಚೂರ್ ಬರ್ದ್ ಕೊಡ್."

ಅರ್ಜಿ ಬರೆಯಬೇಕಾಗಿತ್ತು, ತಾಲೂಕು ಕಚೇರಿಗೆ. ತಲೆತಲಾಂತರದಿಂದ ಜನ ನಡೆದು ಬಂದ ದಾರಿಗೆ ನಮ್ಮಲ್ಲಿ ಮಾಮೂಲು ದಾರಿ ಎನ್ನುತ್ತಾರೆ. ಜಾಗ ಯಾರದೇ ಇರಲಿ, ಮಾಮೂಲು ದಾರಿಯೆಂದು ತೋರಿಸಿಕೊಟ್ಟರೆ ಅದನ್ನು ಮುಚ್ಚಿಸಲು ಬಿಡುವುದಿಲ್ಲ. ತೋರಿಸಲು ಕಾಗದ ಇರುವುದಿಲ್ಲ. ಅಧಿಕಾರಿಗಳು ಸ್ಥಳಕ್ಕೆ ಬಂದು, ನಾಲ್ಕು ಜನರನ್ನು ನಿಲ್ಲಿಸಿ ಕೇಳಿ, ಅವರು ಹೇಳಿದ್ದನ್ನು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ, ಅದು ಮಹಜರು. ಅಂದರೆ ನಮ್ಮ ಊರಿನಲ್ಲಿ ಒಂದು ದಾರಿ ಇರುವುದೋ ಇಲ್ಲದಿರುವುದೋ ನಾಲ್ಕು ಜನರ ನೆನಪಿನ ಮೇಲೆ ನಿಂತಿದೆ. ಇದನ್ನು ನಾನು ಮೊದಲೇ ತಿಳಿದಿದ್ದರೆ ನೆನಪಿನ ವಿರುದ್ಧ ಅಷ್ಟೊಂದು ಬರೆಯುತ್ತಿರಲಿಲ್ಲವೇನೋ.

ಅರ್ಜಿ ಬರೆದೆ. ಸಾಕ್ಷಿಗೆ ಯಾರಿದ್ದಾರೆ ಎಂದು ಕೇಳಿದೆ. ಅವಳ ಜೊತೆ ಕೆಲಸ ಮಾಡಿದವರಲ್ಲಿ ಬದುಕಿರುವವರು ಇಬ್ಬರು: ಒಬ್ಬಳು ಬಾರ್ಕೂರಿನ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ, ಇನ್ನೊಬ್ಬಳಿಗೆ ಕಿವಿ ಕೇಳುವುದಿಲ್ಲ. ಅಕ್ಕಪಕ್ಕದ ಮನೆಯವರ ಹೆಣ್ಣುಮಕ್ಕಳಿಗೆ ಸಾಹುಕಾರರ ಹೋಟೆಲಿನಲ್ಲಿ ಹೊಸದಾಗಿ ಕೆಲಸ ಸಿಕ್ಕಿದೆ. ಅವರೆಲ್ಲರಿಗೂ ದಂಡೆಯ ದಾರಿಯೇ ಹಿತ ಎನ್ನಿಸತೊಡಗಿದೆ, ಅಲ್ಲಿ ತಂಪು ಗಾಳಿ ಬೀಸುತ್ತದಂತೆ.

"ನೀ ಇದ್ಯಲೆ," ಎಂದಳು ಚಿಕ್ಕಿ. "ಸಣ್ಣಿಪ್ಪತಿಗೆ ಅಬ್ಬಿ ಸಂಗ್ತಿ ಬತ್ತಿದ್ದೆ. ಎಲ್ಲಿಂದ ಬಪ್ಪುದ್ ಹೇಳ್?"

ಹೇಳಲು ಯತ್ನಿಸಿದೆ. ಅಮ್ಮನ ಕೈ ಹಿಡಿದು ಬಂದದ್ದು ನೆನಪಿದೆ. ಕಾಲಿಗೆ ಏನೋ ಚುಚ್ಚಿದ್ದು ನೆನಪಿದೆ: ಹಂಚಿನ ಚೂರೋ, ದಂಡೆಯ ಮೇಲಿನ ಚಿಪ್ಪೋ? ಹಂಚಾದರೆ ಅಂಗಳದಿಂದ ಬಂದದ್ದು, ಚಿಪ್ಪಾದರೆ ದಂಡೆಯಿಂದ. ಎಡ ಪಾದದಲ್ಲಿ ಗಾಯದ ಗುರುತು ಇದೆಯೇ ಎಂದು ಚಪ್ಪಲಿ ಕಳಚಿ ಹುಡುಕಿದೆ. ಎರಡೂ ಪಾದಗಳಲ್ಲಿ ಒಂದೊಂದು ಗುರುತು ಸಿಕ್ಕಿತು.

"ಚಿಕ್ಕಿ, ನಿಜ ಹೇಳು. ಕಾರ್ಖಾನೆ ಇದ್ದಾಗ ಈ ದಾರಿ ಇದ್ದಿತ್ತಾ?"

ಅವಳು ಮಂಡಿ ತಿಕ್ಕುವುದನ್ನು ನಿಲ್ಲಿಸಿದಳು. "ಆಗೆಲ್ಲಿ ಬಿಡ್ತಿದ್ರ್ ಮಗಾ? ಗೋಡಿ ಇದ್ದಿತ್ತ್. ದೊಡ್ಡ್ ಗೇಟಂಗೇ ಹೊರಗ್ ಹೋಯ್ಕ್. ಹೋಪತಿಗೆ ನಮ್ ಬುತ್ತಿ ಪಾತ್ರಿ ಎಲ್ಲಾ ತಡ್ಕಿ ಕಾಂತಿದ್ರ್, ಹಂಚ್ ಕದ್ಕಂಡ್ ಹೋತಿತ್ತ್ ಅಂದ್ಹೇಳಿ. ಹಂಚ್ ಏನ್ ಬುತ್ತಿ ಪಾತ್ರಿಯಂಗೆ ಹಿಡಿತ್ತಾ? ಫ್ಯಾಕ್ಟ್ರಿ ಮುಚ್ಚಿ, ಗೋಡಿ ಬಿದ್ಮೇಲೆ ನಾವ್ ಈಚೆ ಕಾಲ್ ಹಾಕದ್ದ್."

ಗೋಡೆ ಬಿದ್ದದ್ದು ಯಾವ ಮಳೆಗಾಲ ಎಂಬುದೂ ಅವಳಿಗೆ ಗೊತ್ತಿತ್ತು. ಅದು ಅವಳ ಮಗಳು ಹತ್ತನೆಯ ತರಗತಿಯಲ್ಲಿದ್ದ ವರ್ಷ. ಮಗಳ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಇಷ್ಟು ವರ್ಷ ನಡೆದದ್ದು ಸಾಲದೇ ಎಂದರೆ, ಹಾಳುಬಿದ್ದ ಜಾಗದಲ್ಲಿ ಗೋಡೆ ದಾಟಿ ನಡೆದದ್ದು ಮಾಮೂಲು ಆಗುವುದಿಲ್ಲ, ಅದು ನುಗ್ಗಿದ್ದು ಎಂದು ಸಾಹುಕಾರರ ವಕೀಲರು ಹೊಳೆಬದಿಯ ಮನೆಗಳಿಗೆ ಮೊದಲೇ ಒಂದು ಕಾಗದ ಕೊಟ್ಟಿದ್ದರು. ಕಾರ್ಖಾನೆ ನಡೆಯುತ್ತಿದ್ದ ಕಾಲದಿಂದಲೂ ದಾರಿ ಇತ್ತು ಎಂದಾದರೆ ಮಾತ್ರ ಉಳಿವು.

ಮಹಜರಿಗೆ ಬಂದ ಅಧಿಕಾರಿ ಘಟ್ಟದ ಮೇಲಿನವರು. ತಾಳ್ಮೆಯ ಮನುಷ್ಯ, ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಕೊಡೆ. ಹುಲ್ಲುಹಾಸಿನ ಮೇಲೆ ನಿಂತೆವು. ಸಾಹುಕಾರರು ಎಳನೀರು ತರಿಸಿದರು. ಅಧಿಕಾರಿ ಕುಡಿಯಲಿಲ್ಲ, ನಾನು ಕುಡಿದೆ. ಮೊದಲು ಚಿಕ್ಕಿಯನ್ನು ಕೇಳಿದರು: ದಾರಿ ಯಾವಾಗಿನಿಂದ ಇದೆ?

"ಫ್ಯಾಕ್ಟ್ರಿ ಇಪ್ಪತಿಗಿಂದ್ಲೇ ಇತ್ತ್," ಎಂದಳು ಚಿಕ್ಕಿ, ಕಣ್ಣು ಮಿಟುಕಿಸದೆ. "ಕೂಗ್ ಆದ್ಕೂಡ್ಲೆ ಎಲ್ಲಾ ಹೆಂಗ್ಸ್ರ್ ಈಚಿಂದೇ ಹೋಪುದ್."

ಅಧಿಕಾರಿ ಬರೆದುಕೊಂಡು ನನ್ನತ್ತ ತಿರುಗಿದರು. "ನೀವು ಇವರ ಅಕ್ಕನ ಮಗ, ಅಲ್ವಾ? ಚಿಕ್ಕಂದಿನಲ್ಲಿ ಇಲ್ಲಿ ಬರ್ತಿದ್ರಿ. ಆಗ ಈ ದಾರಿ ಇತ್ತಾ?"

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಕಲ್ಲಿನಲ್ಲಿ ಬರೆಯುವಾಗ ಅರ್ಧ ಬಸ್ ಪ್ರಯಾಣವಷ್ಟೇ ಬೇಕಾಗಿತ್ತು. ಆದರೆ ಅಲ್ಲಿ, ಆ ಪರದೇಶದ ಹುಲ್ಲಿನ ಮೇಲೆ, ಎಳನೀರು ಕೈಯಲ್ಲಿ ಹಿಡಿದುಕೊಂಡು, ನನ್ನ ಹೊರಗೆ ಹೋದ ತತ್ವ ಸರಿಯಾಗಿ ಅದೇ ಹೊತ್ತಿಗೆ ಮನೆಗೆ ಮರಳಿತು. ಇಡೀ ಬದುಕಿನಲ್ಲಿ ಅದಕ್ಕೆ ಅಷ್ಟು ಕೆಟ್ಟ ಸಮಯ ಇನ್ನೊಂದು ಸಿಗಲಾರದು.

"ನನ್ನ ಕಾಲಿಗೆ ಏನೋ ಚುಚ್ಚಿತ್ತು," ಎಂದೆ. "ಹಂಚಿರಬಹುದು. ಚಿಪ್ಪೂ ಇರಬಹುದು. ಖಾತ್ರಿಯಾಗಿ ಹೇಳಲಾರೆ. ನೆನಪು ಎನ್ನುವುದು..."

ಅಧಿಕಾರಿ ಪೆನ್ನು ಎತ್ತಿ ಹಿಡಿದು ಕಾದರು. ನೆನಪು ಎನ್ನುವುದರ ಬಗ್ಗೆ ನಾನು ಮೂರು ನಿಮಿಷ ಮಾತಾಡಿದೆನಂತೆ. ಮ್ಯಾನೇಜರು ಹಾಗೆಂದ, ನನಗೆ ಅಷ್ಟು ಹೊತ್ತು ಅನ್ನಿಸಲಿಲ್ಲ. ಕೊನೆಗೆ ಅಧಿಕಾರಿ ಬರೆದದ್ದು ಒಂದೇ ಸಾಲು: ಸಾಕ್ಷಿದಾರರಿಗೆ ಸರಿಯಾಗಿ ಜ್ಞಾಪಕವಿಲ್ಲ.

ಸಾಹುಕಾರರು ನನ್ನ ಬೆನ್ನು ತಟ್ಟಿದರು. "ಮೇಷ್ಟ್ರ್ ಬರೋಬರ್ ಮನ್ಷ. ಸುಳ್ಳ್ ಹೇಳ್ವವ್ರಲ್ಲ."

ಚಿಕ್ಕಿ ನನ್ನನ್ನು ಬೈಯಲಿಲ್ಲ. ಅವಳು ನನ್ನ ಕಡೆ ನೋಡಿದ್ದು ಒಂದು ಕ್ಷಣ. ಹಸಿ ಹಂಚು ಸೊಟ್ಟಗಾದದ್ದು ಕಂಡರೆ ಅದನ್ನು ಹಾಗೆಯೇ ಮಣ್ಣಿಗೆ ವಾಪಸು ಎಸೆಯುತ್ತಿದ್ದರು ಎಂದು ಅವಳೇ ಹೇಳಿದ್ದಳು. ಆ ನೋಟ ಹಾಗಿತ್ತು. ಆಮೇಲೆ ಅಧಿಕಾರಿಯ ಹತ್ತಿರ ಹೋದಳು.

"ಸ್ವಾಮಿ, ಇವಂಗೆ ಬಾಯಂಗೆ ಹೇಳುಕೆ ಬತ್ತಿಲ್ಲ. ಬರೂಕ್ ಬತ್ತ್. ಬರ್ದದ್ದ್ ಅಲ್ಲಿ ಬಾಗ್ಲಂಗಿತ್ತ್. ನೀವ್ ಓದಿರ್ಯಾ?"

"ಎಲ್ಲಿ?"

"ಬನ್ನಿ. ತೋರ್ಸ್ತೆ."

ಅವಳು ಮುಂದೆ ಕುಂಟುತ್ತ, ಅಧಿಕಾರಿ ಫೈಲು ಹಿಡಿದು, ಅವರ ಹಿಂದೆ ಸಾಹುಕಾರರು, ಮ್ಯಾನೇಜರು, ಎಳನೀರು ಹಿಡಿದ ನಾನು, ಎಲ್ಲರೂ ಮುಂಬಾಗಿಲಿಗೆ ಹೋದೆವು. ಕರಿಕಲ್ಲು ಮಿರಮಿರ ಮಿಂಚುತ್ತಿತ್ತು. ಅಧಿಕಾರಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಸಂಜೆಯ ಕೂಗು. ಕೆಂಪು ಮಣ್ಣಿನ ಕಾಲು. ಗೂಡಿನ ಪಕ್ಕ, ಅಂಗಳದ ನಡುವೆ ಕಾಲುದಾರಿ, ಹೊಳೆಬದಿಯ ಮನೆಗಳು. ಇದು ಅವರದೇ ದಾರಿ. ಸರಕಾರಿ ದನಿಯಲ್ಲಿ ಓದಿದಾಗ ಅದು ಒಂದು ನಕ್ಷೆಯ ಹಾಗೆ ಕೇಳಿಸಿತು. ನಾನು ಅಷ್ಟು ಸ್ಪಷ್ಟವಾಗಿ ಏನನ್ನೂ ಬರೆದಿಲ್ಲವೆಂದೇ ನಂಬಿದ್ದೆ.

"ಇದನ್ನ ಹಾಕಿಸಿದ್ದು ಯಾರು?" ಎಂದರು ಅಧಿಕಾರಿ.

"ನಾವೇ," ಎಂದರು ಸಾಹುಕಾರರು. "ಆದ್ರೆ ಸರ್, ಅದ್ ಸಾಹಿತ್ಯ. ಸಾಹಿತ್ಯ ಅಂದ್ರೆ ಗೊತ್ತಿತ್ತಲೆ ನಿಮ್ಗೆ."

"ಹೌದಾ ಒಡೆಯಾ?" ಎಂದಳು ಚಿಕ್ಕಿ, ಭಾರಿ ವಿನಯದಿಂದ. "ಹಂಗಾರೆ ನಿಮ್ ಅಜ್ಜಿ ಈ ದಾರಿಯಂಗೇ ನೆಡ್ಕಂಡ್ ಹೋತಿದ್ರ್ ಅಂದದ್ದ್ ಎಂತ? ಅದೂ ಸಾಹಿತ್ಯವಾ? ಅವತ್ ಇಡೀ ಪೇಟಿಯವ್ರ್ ಇದ್ದಿರ್. ಪೇಪರಿನವ್ರೂ ಇದ್ದಿರ್."

ಒಳಗಿನಿಂದ ಕಾಫಿ ಯಂತ್ರ ಉಸ್ಸೆಂದಿತು. ಸಾಹುಕಾರರ ಮುಖ ನೋಡಿದರೆ ಒಂದು ವಿಚಿತ್ರ ಕಾಣುತ್ತಿತ್ತು: ಅವರು ಸುಳ್ಳು ಸಿಕ್ಕಿಬಿದ್ದವರ ಹಾಗೆ ಇರಲಿಲ್ಲ. ಅವರು ನಿಜಕ್ಕೂ ಅಜ್ಜಿಯನ್ನು ಆ ದಾರಿಯಲ್ಲಿ ಕಂಡವರ ಹಾಗಿದ್ದರು. ಈಗ ಅಜ್ಜಿಯನ್ನು ಅಲ್ಲಿಂದ ಎಬ್ಬಿಸಿ ಕಳಿಸುವುದು ಹೇಗೆಂದು ತಿಳಿಯದೆ ನಿಂತಿದ್ದರು. ಅವರು ನನ್ನತ್ತ ತಿರುಗಿದರು.

"ಮೇಷ್ಟ್ರೇ, ನೀವೇ ಹೇಳಿ. ಇದ್ ನೀವ್ ಕಲ್ಪಿಸಿ ಬರ್ದದ್ದ್ ಅಲ್ದಾ?"

ಅಧಿಕಾರಿಯೂ ತಿರುಗಿದರು. "ಈಗಷ್ಟೇ ನೆನಪಿಲ್ಲ ಅಂದ್ರಿ. ಇಲ್ಲಿ ಬರೆದಿದ್ದೀರಿ. ಇದು ನಿಜವಾ, ಅಲ್ವಾ?"

ಕಲ್ಪಿಸಿ ಬರೆದದ್ದು ಎಂದರೆ ಸತ್ಯ. ಸತ್ಯ ಹೇಳಿದರೆ ಚಿಕ್ಕಿ ಬದುಕಿರುವವರೆಗೆ ದಂಡೆ ಸುತ್ತಬೇಕು. ಅಥವಾ ಸುತ್ತದೆ ಜಗಲಿಯಲ್ಲಿ ಕೂರಬೇಕು. ನನ್ನ ಸತ್ಯವನ್ನು ನಾನು ಅಷ್ಟು ಹೊತ್ತು ಮುದ್ದಿಸಿದ್ದೆ. ಅದು ಹುಲ್ಲಿನ ಮೇಲೆ ಏನು ಮಾಡಿತೆಂದು ಕಂಡಿದ್ದೆ.

"ನಿಜ," ಎಂದೆ. "ಒಂದೊಂದು ಅಕ್ಷರವೂ ನಿಜ. ನಾನು ಕಣ್ಣಾರೆ ಕಂಡದ್ದು. ಬರೆಯುವಾಗ ನೆನಪು ಸರಿಯಾಗಿತ್ತು, ಈಗ ಸ್ವಲ್ಪ ಹೊತ್ತಿನ ಮುಂಚೆ ಗಲಿಬಿಲಿಯಾಯಿತು."

ಎಷ್ಟು ಸಲೀಸಾಗಿ ಬಂತು. ಚಪ್ಪಲಿಯೊಳಗಿನ ಎರಡೂ ಪಾದಗಳಲ್ಲಿ ಹಂಚೇ ಚುಚ್ಚಿದಂತಾಯಿತು.

ಅಧಿಕಾರಿ ಹಿಂದಿನ ಸಾಲನ್ನು ಹೊಡೆದು ಹಾಕಿ ಹೊಸದಾಗಿ ಬರೆದರು, ಕಲ್ಲಿನ ಬರಹವನ್ನು ಪೂರ್ತಿ ನಕಲು ಮಾಡಿಕೊಂಡರು, ನನ್ನಿಂದ ಎರಡು ಕಡೆ ಸಹಿ ಹಾಕಿಸಿಕೊಂಡರು. ಸಾಹುಕಾರರಿಂದಲೂ ಸಹಿ ಹಾಕಿಸಿಕೊಂಡರು: ಕಲ್ಲು ಹಾಕಿಸಿದ್ದು ತಾವೇ ಎಂಬುದಕ್ಕೆ. ನನ್ನ ಬರಹ ಸರಕಾರಿ ಫೈಲಿಗೆ ಸೇರಿದ್ದು ಇದೇ ಮೊದಲು. ನನ್ನ ಬೇರೆ ಯಾವ ಪುಸ್ತಕಕ್ಕೂ ಇಷ್ಟು ಗಮನ ಕೊಟ್ಟ ಓದುಗರು ಸಿಕ್ಕಿಲ್ಲ.

ಹಿಂತಿರುಗುವಾಗ ನಾನು ಚಿಕ್ಕಿಯ ಪಕ್ಕ ನಡೆದೆ. ಏನಾದರೂ ಅನ್ನುತ್ತಾಳೆಂದು ಕಾದೆ.

"ಮೊದ್ಲೇ ಹೇಳುಕೆ ಎಂತಾಯ್ತ್ ನಿಂಗೆ?" ಎಂದಳು. "ಮಂಡಿ ನೋವಂಗೆ ಮುಂಬಾಗ್ಲ್ ತನ್ಕ ನೆಡ್ಸ್ದೆ ಅಲ್ದಾ?"

ದಾರಿ ಬಿಡಬೇಕೆಂದು ಆದೇಶ ಬಂತು. ಸಾಹುಕಾರರು ಮೇಲ್ಮನವಿ ಹಾಕಲಿಲ್ಲ. ಹಾಕಬೇಕಾದರೆ ಕಲ್ಲನ್ನು ಸುಳ್ಳೆನ್ನಬೇಕು, ಅಜ್ಜಿಯನ್ನೂ. ಅದರ ಬದಲು ಅವರು ವ್ಯಾಪಾರಸ್ಥರ ಬುದ್ಧಿ ಓಡಿಸಿದರು. ಹುಲ್ಲುಹಾಸಿನ ನಡುವೆ ದಾರಿ ಬಿಟ್ಟು, "ಕಾರ್ಮಿಕರ ಹಾದಿ" ಎಂದು ಬೋರ್ಡು ಹಾಕಿಸಿ, ಇಕ್ಕೆಲಕ್ಕೂ ದೀಪ ಇಡಿಸಿದರು. ಮದುವೆಗೆ ಬರುವವರು ಈಗ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಚಿಕ್ಕಿ ಬುಟ್ಟಿ ಹೊತ್ತು ಹಾದು ಹೋದರೆ ಅವಳನ್ನೂ ಏರ್ಪಾಡಿನ ಭಾಗವೆಂದೇ ತಿಳಿಯುತ್ತಾರೆ. ಒಬ್ಬ ಮದುಮಗಳು, "ಇವರು ದಿನಾ ಎಷ್ಟು ಗಂಟೆಗೆ ನಡೀತಾರೆ?" ಎಂದು ಮ್ಯಾನೇಜರನ್ನು ಕೇಳಿದಳಂತೆ. ಗೆಸ್ಟುಗಳಿಗೆ ಚಿಕ್ಕಿ ಹೇಳುವ ಕತೆಯನ್ನು ನಾನೂ ಒಮ್ಮೆ ಮರೆಯಲ್ಲಿ ನಿಂತು ಕೇಳಿದ್ದೇನೆ. ಕೂಗು ಆಗುತ್ತಿದ್ದದ್ದು, ಎಲ್ಲರೂ ಒಟ್ಟಿಗೆ ಈ ದಾರಿಯಲ್ಲಿ ಹೊರಡುತ್ತಿದ್ದದ್ದು, ನನ್ನ ಅಮ್ಮ ಎದುರಿಗೆ ಬಂದು ನಿಲ್ಲುತ್ತಿದ್ದದ್ದು. ಅಮ್ಮನ ಸೀರೆಯ ಬಣ್ಣವನ್ನೂ ಹೇಳಿದಳು. ಗೋಡೆ, ತಡಕಾಟ, ಬುತ್ತಿ ಪಾತ್ರೆ ಯಾವುದೂ ಇರಲಿಲ್ಲ. ಆಮೇಲೆ ಕೇಳಿದೆ: ಚಿಕ್ಕಿ, ಆ ಗೋಡೆ?

"ಯಾವ ಗೋಡಿ?" ಎಂದಳು.

ತಮಾಷೆಗೆ ಅಂದಳೋ, ನಿಜಕ್ಕೂ ಮರೆತಳೋ, ಮಹಜರಿನ ನಂತರ ಜಾಗರೂಕತೆಯಿಂದ ಹಾಗೆ ಇಟ್ಟುಕೊಂಡಳೋ, ನನಗೆ ತಿಳಿಯಲಿಲ್ಲ. ಸೀರೆಯ ಬಣ್ಣ ಮಾತ್ರ ಸರಿಯಿತ್ತು. ಸರಿಯಿತ್ತು ಎಂದು ನನಗೆ ಅನ್ನಿಸುತ್ತದೆ.

ಈ ಸಲದ ಮಳೆ ಹಿಡಿದ ಮೇಲೆ ದಾರಿ ಕೆಸರಾಯಿತು. ಗೆಸ್ಟುಗಳು ಜಾರುತ್ತಾರೆ ಎಂದು ಚಿಕ್ಕಿ ಮ್ಯಾನೇಜರಿಗೆ ದಿನಾ ಹೇಳಿ, ಕೊನೆಗೆ ಕೆಂಪು ಮುರಕಲ್ಲಿನ ಚಪ್ಪಡಿ ಹಾಕಿಸಿದಳು. ಹಾಕಿದ ಮರುದಿನ ಬೆಳಿಗ್ಗೆ ನಾನು ಅಲ್ಲಿದ್ದೆ. ಅವಳು ದಕ್ಕೆಯಿಂದ ಮರಳಿ, ಬುಟ್ಟಿ ಹೊತ್ತು ಗೇಟು ದಾಟಿ ಬಂದವಳು ಮೂರನೆಯ ಕಲ್ಲಿನ ಮೇಲೆ ನಿಂತುಬಿಟ್ಟಳು. ಕಲ್ಲುಗಳ ನಡುವಿನ ಅಂತರ ಆರ್ಕಿಟೆಕ್ಟರ ಚಿತ್ರದಲ್ಲಿದ್ದಷ್ಟೇ ಇತ್ತು; ಅವಳ ಹೆಜ್ಜೆ ಅಷ್ಟು ಇರಲಿಲ್ಲ.

"ಹ್ವಾಯ್!" ಎಂದು ಮ್ಯಾನೇಜರನ್ನು ಕೂಗಿದಳು. "ಇದ್ ಯಾರ ಹೆಜ್ಜಿ ಅಳ್ತಿ? ನಿನ್ನದ್ದಾ?"

"ಡ್ರಾಯಿಂಗಂಗೆ ಹಂಗೇ ಇತ್ತ್ ಅಮ್ಮ."

"ಡ್ರಾಯಿಂಗ್ ಬುಟ್ಟಿ ಹೊತ್ಕಂಡ್ ನೆಡಿತ್ತಾ? ಈ ಎರಡ್ ಕಲ್ಲ್ ಕೀಳ್. ಹತ್ರ ಹಾಕ್. ನಾ ಇಲ್ಲೇ ನಿಂತ್ಕಂಡಿರ್ತೆ."

ಮ್ಯಾನೇಜರು ಪ್ಯಾಂಟು ಮಡಚಿ ಕೂತು ಕಲ್ಲು ಎಬ್ಬಿಸತೊಡಗಿದ. ಚಿಕ್ಕಿ ಬುಟ್ಟಿಯನ್ನು ಇಳಿಸಿ ನನ್ನ ಕೈಗೆ ಕೊಟ್ಟು, ಒಂದು ಕಾಲನ್ನು ಕಲ್ಲಿನ ಮೇಲಿಟ್ಟು, ಇನ್ನೊಂದನ್ನು ಕೆಸರಿಗೆ ಚಾಚಿ ತೋರಿಸಿದಳು: ಇಲ್ಲಿ. ಅವನು ಅಲ್ಲಿ ಗುರುತು ಹಾಕಿದ. ಬುಟ್ಟಿಯಲ್ಲಿ ಬಂಗುಡೆ ತುಂಬ ಇತ್ತು. ಅದರ ನೀರು ನನ್ನ ಅಂಗಿಯ ಮೇಲೆಲ್ಲ ಸುರಿಯುತ್ತಿತ್ತು.